ಹೇಳಿ ಹೋಗುವುದು, ಕೇಳಿ ಹೋಗುವುದು

ನಮ್ಮ ಮನೆಗಳಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವ ಹಾಗಿಲ್ಲ. ‘ಹೋಗಿ ಬರುತ್ತೇನೆ’ ಎನ್ನಬೇಕು. ಬಾಯಿ ತಪ್ಪಿ ‘ಹೋಗ್ತೀನಿ’ ಎಂದರೆ ಒಳಗಿನಿಂದ ಯಾರಾದರೂ ಹಿರಿಯರು ತಿದ್ದುತ್ತಾರೆ. ಹೋಗುವುದರಲ್ಲೇ ಬರುವುದನ್ನೂ ಸೇರಿಸಿಬಿಡುವ ಈ ರೂಢಿ ನನಗೆ ಇಷ್ಟ. ಇದರ ಜೊತೆಗೇ ಇನ್ನೊಂದು ಮಾತಿದೆ: ‘ಎಲ್ಲಿಗೆ ಹೋದರೂ ಹೇಳಿ ಹೋಗು.’ ಇದೂ ಸರಳವಾದ ಮಾತೇ. ಆದರೆ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳಿಗೆ ‘ಹೇಳಿ ಹೋಗು’ ಎಂದಿರುವುದು ಹೆಣ್ಣುಮಕ್ಕಳ ಪಾಲಿಗೆ ಬರುವ ಹೊತ್ತಿಗೆ ಸದ್ದಿಲ್ಲದೆ ‘ಕೇಳಿ ಹೋಗು’ ಎಂದಾಗಿರುತ್ತದೆ. ಬದಲಾಗಿದ್ದು ಒಂದೇ ಅಕ್ಷರ. ಹೇಳಿ ಹೋಗುವವಳು ತೀರ್ಮಾನವನ್ನು ತಾನು ಮಾಡಿ ಸುದ್ದಿಯನ್ನು ಮನೆಯವರಿಗೆ ಕೊಡುತ್ತಾಳೆ. ಕೇಳಿ ಹೋಗುವವಳು ತೀರ್ಮಾನವನ್ನೇ ಅವರ ಕೈಗೆ ಕೊಟ್ಟು ಬಾಗಿಲ ಹತ್ತಿರ ನಿಲ್ಲುತ್ತಾಳೆ.

ತವರಿಗೆ ಹೋಗುವಾಗ, ಗೆಳತಿಯ ಮಗಳ ಮದುವೆಗೆ ಹೋಗುವಾಗ ಇದೊಂದು ಸಣ್ಣ ಕಿರಿಕಿರಿಯಾಗಿ ಕಂಡು ಮರೆತುಹೋಗುತ್ತದೆ. ಆದರೆ ಒಬ್ಬಳೇ, ಚಳಿ ಮಳೆಯಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು ನೂರಾರು ಮೈಲಿ ಬೆಟ್ಟದ ದಾರಿ ನಡೆಯಲು ಹೊರಟವಳ ವಿಷಯದಲ್ಲಿ ಇದು ಜೀವದ ಪ್ರಶ್ನೆ. ಅವಳು ಯಾರನ್ನು ಕೇಳಬೇಕು? ಯಾರಿಗೆ ಹೇಳಬೇಕು? ಯಾರಿಗೂ ಏನೂ ಹೇಳದೆ ಹೋದರೆ ಅದು ತಪ್ಪೇ?

ಈ ಪ್ರಶ್ನೆಗಳನ್ನು ನನ್ನ ತಲೆಯಲ್ಲಿ ಹುಳುವಿನಂತೆ ಬಿಟ್ಟವಳು ಅಮೆರಿಕದ ಒಬ್ಬ ಅಜ್ಜಿ, ಎಮ್ಮಾ ಗೇಟ್‌ವುಡ್. 1887ರಲ್ಲಿ ಒಹಾಯೋ ರಾಜ್ಯದ ಹಳ್ಳಿಗಾಡಿನಲ್ಲಿ ಹುಟ್ಟಿದವಳು. ಹೊಲದ ಕೆಲಸ, 11 ಮಕ್ಕಳ ಹೆರಿಗೆ ಬಾಣಂತನ, ಜೊತೆಗೆ ಗಂಡನ ಹೊಡೆತ. ಹೊಡೆತ ತಾಳದಾದಾಗ ಆಕೆ ಮನೆಯ ಹತ್ತಿರದ ಕಾಡಿಗೆ ಹೋಗಿ ಒಂದಷ್ಟು ಹೊತ್ತು ಇದ್ದು ಬರುತ್ತಿದ್ದಳಂತೆ. 1941ರಲ್ಲಿ ವಿಚ್ಛೇದನವಾಯಿತು. ಮಕ್ಕಳು ಬೆಳೆದು ತಮ್ಮ ತಮ್ಮ ಮನೆ ಮಾಡಿಕೊಂಡರು. ಆಮೇಲೊಂದು ದಿನ ಪತ್ರಿಕೆಯೊಂದರಲ್ಲಿ ಅಪಲೇಶಿಯನ್ ಟ್ರೇಲ್ ಎಂಬ ಕಾಲುದಾರಿಯ ಬಗ್ಗೆ ಓದಿದಳು. ದಕ್ಷಿಣದ ಜಾರ್ಜಿಯಾ ರಾಜ್ಯದಿಂದ ಉತ್ತರದ ಮೇನ್ ರಾಜ್ಯದವರೆಗೆ ಬೆಟ್ಟಗಳ ನೆತ್ತಿ ಹಿಡಿದು ಸಾಗುವ, 2,000 ಮೈಲಿಗೂ ಉದ್ದದ ದಾರಿ ಅದು.

1954ರಲ್ಲಿ ಮೊದಲ ಬಾರಿ ಹೊರಟಾಗ ಮೇನ್‌ನ ಕಾಡಿನಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು. ಅಲ್ಲಿನ ಕಾವಲಿನವರು ಆಕೆಯನ್ನು ಮನೆಗೆ ಹೋಗುವಂತೆ ಹೇಳಿ ಕಳಿಸಿದರು. ಮರುವರ್ಷ ಮೇ ತಿಂಗಳಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಮತ್ತೆ ಹೊರಟಳು. ಈ ಸಲ ದಾರಿಯ ಇನ್ನೊಂದು ತುದಿಯಿಂದ. ಡೇರೆಯಿಲ್ಲ, ಮಲಗುವ ಚೀಲವಿಲ್ಲ. ಕೈಯಲ್ಲೇ ಹೊಲಿದುಕೊಂಡ ಒಂದು ಜೀನ್ಸ್ ಬಟ್ಟೆಯ ಚೀಲ, ಒಂದು ಕಂಬಳಿ, ಮಳೆಗೆ ಹೊದೆಯಲು ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಸಾಧಾರಣ ಕ್ಯಾನ್ವಾಸ್ ಶೂ. ಆ ವರ್ಷದ ಆಗಸ್ಟ್‌ನಲ್ಲಿ ಕಾನಿ, ಡಯಾನ್ ಎಂಬ ಎರಡು ಚಂಡಮಾರುತಗಳು ಒಂದರ ಹಿಂದೊಂದು ಬಂದು ಅಲ್ಲಿನ ಹೊಳೆ ಹಳ್ಳಗಳನ್ನೆಲ್ಲ ಉಕ್ಕಿಸಿಬಿಟ್ಟವು. ಅಂಥ ಮಳೆಯಲ್ಲೂ ನಡೆದು, 1955ರ ಸೆಪ್ಟೆಂಬರ್ 25ರಂದು ಮೇನ್‌ನ ಕಟಾಡಿನ್ ಬೆಟ್ಟದ ತುದಿ ಮುಟ್ಟಿದಳು. ಆ ದಾರಿಯನ್ನು ಒಬ್ಬಳೇ, ಒಂದೇ ಉಸಿರಿನಲ್ಲೆಂಬಂತೆ, ಪೂರ್ತಿ ನಡೆದ ಮೊದಲ ಹೆಂಗಸು ಎಂಬ ಹೆಸರು ಆಕೆಗೆ ಬಂತು.

ಇಷ್ಟನ್ನು ಓದಿ ಕೈಮುಗಿದು ಪುಸ್ತಕ ಮುಚ್ಚಬಹುದಿತ್ತು. ಆದರೆ ಒಂದು ಸಂಗತಿ ನನ್ನನ್ನು ಅಲ್ಲೇ ನಿಲ್ಲಿಸಿತು. ಹೊರಡುವಾಗ ಆಕೆ ಮಕ್ಕಳಿಗೆ ಹೇಳಿದ್ದು ಇಷ್ಟೇ: ನಡೆಯಲು ಹೋಗುತ್ತಿದ್ದೇನೆ. ಎಲ್ಲಿಗೆ, ಎಷ್ಟು ದೂರ, ಎಷ್ಟು ತಿಂಗಳು ಎಂಬುದನ್ನು ಹೇಳಲಿಲ್ಲ. ದಾರಿಯಲ್ಲಿ ಪತ್ರಿಕೆಯವರು ಆಕೆಯನ್ನು ಕಂಡುಹಿಡಿದು ಬರೆಯತೊಡಗಿದ ಮೇಲೆ ಗುಟ್ಟು ಬಯಲಾಯಿತು.

ಆಕೆ ಸುಳ್ಳು ಹೇಳಿದಳೇ? ಇಲ್ಲ, ನಡೆಯಲು ಹೋದದ್ದು ನಿಜ. ಹಾಗಾದರೆ ನಿಜ ಹೇಳಿದಳೇ? ಅದೂ ಪೂರ್ತಿ ಅಲ್ಲ. ಯಾಕೆ ಹೀಗೆ ಮಾಡಿದಳು ಎಂದು ನಮ್ಮಂಥ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೇಳಿದರೆ ‘ಬೇಡ’ ಎನ್ನುತ್ತಾರೆ. ಪೂರ್ತಿ ಹೇಳಿದರೆ ಅದೇ ಕೇಳಿದಂತಾಗುತ್ತದೆ. ಆಗಲೂ ‘ಬೇಡ’ ಎನ್ನುತ್ತಾರೆ. ಪ್ರೀತಿಯಿಂದಲೇ ಎನ್ನುತ್ತಾರೆ, ಅದೇ ಕಷ್ಟ. ಹೊಡೆಯುವ ಗಂಡನ ಮಾತನ್ನು ಮೀರುವುದಕ್ಕಿಂತ ಕಣ್ಣು ತುಂಬಿಕೊಂಡು ನಿಲ್ಲುವ ಮಗಳ ಮಾತನ್ನು ಮೀರುವುದು ಹೆಚ್ಚು ಕಠಿಣ.

ನಮ್ಮ ಭಾಷೆಯನ್ನೇ ನೋಡಿ. ಆನೆ ಒಂಟಿಯಾದರೆ ‘ಒಂಟಿ ಸಲಗ’, ಅದಕ್ಕೊಂದು ಗತ್ತು. ಹೆಂಗಸು ಒಂಟಿಯಾದರೆ ಅಯ್ಯೋ ಪಾಪ. ಅವಳಾಗಿಯೇ ಬಯಸಿ ಒಂಟಿಯಾದರೆ ಅನುಮಾನ. ಇಷ್ಟಕ್ಕೂ ಹೆಂಗಸು ಚಳಿಗೆ ಮಳೆಗೆ ಒಡ್ಡಿಕೊಳ್ಳುವುದು ಹೊಸದೇನಲ್ಲ. ನಮ್ಮ ಮಲೆನಾಡಿನಲ್ಲಿ ತಲೆಗೆ ಗೊರಬೋ ಕಂಬಳಿ ಕೊಪ್ಪೆಯೋ ಹಾಕಿಕೊಂಡು, ಮೊಣಕಾಲುಮಟ್ಟ ಕೆಸರಿನಲ್ಲಿ ದಿನವಿಡೀ ಬಗ್ಗಿ ಸಸಿ ನೆಟ್ಟವರು ಹೆಂಗಸರೇ. ಆ ಮಳೆಯಲ್ಲಿ ಅವರಿಗೆ ಏನಾದರೂ ಆದೀತು ಎಂದು ಗದ್ದೆಯ ಅಂಚಿನಲ್ಲಿ ನಿಂತು ಯಾರೂ ನೀತಿ ಹೇಳಲಿಲ್ಲ. ದುಡಿಮೆಗೆ ಮೈಯೊಡ್ಡಿದರೆ ಅದು ಕರ್ತವ್ಯ. ಅದೇ ಮೈಯನ್ನು ಅದೇ ಮಳೆಗೆ ಸ್ವಂತ ಸಂತೋಷಕ್ಕಾಗಿ ಒಡ್ಡಿದರೆ ಅದು ಹುಚ್ಚು, ಸ್ವಾರ್ಥ, ‘ಮನೆಯವರ ಬಗ್ಗೆ ಯೋಚನೆ ಬೇಡವೇ?’ ಹಾಗಾದರೆ ನಮಗೆ ತೊಂದರೆಯಾಗುತ್ತಿರುವುದು ಅವಳ ಅಪಾಯವೋ, ಅವಳ ಸಂತೋಷವೋ? ಈ ಪ್ರಶ್ನೆಯನ್ನು ನಮಗೆ ನಾವೇ ಒಮ್ಮೆ ಹಾಕಿಕೊಳ್ಳುವುದು ಒಳ್ಳೆಯದು.

ಹಾಗೆಂದು ‘ನನ್ನ ಜೀವ, ನನ್ನ ಇಷ್ಟ, ಯಾರಿಗೂ ಏನೂ ಹೇಳಬೇಕಾಗಿಲ್ಲ’ ಎನ್ನುವವರ ಪಕ್ಷಕ್ಕೂ ನಾನು ಹೋಗಲಾರೆ. ಕಾರಣ ಸಮಾಜವಲ್ಲ, ಚಳಿ. ಚಳಿಯ ಸ್ವಭಾವವನ್ನು ತಿಳಿದರೆ ಈ ಮಾತು ಎಷ್ಟು ಪೊಳ್ಳೆಂದು ಗೊತ್ತಾಗುತ್ತದೆ.

ಚಳಿ ಎಂದರೆ ಹಿಮ ಎಂದೇ ನಾವು ತಿಳಿಯುತ್ತೇವೆ. ಆದರೆ ನಡೆಯುವವರಿಗೆ ನೀರು ಹೆಪ್ಪುಗಟ್ಟದಷ್ಟೇ ಚಳಿ, ಅದರ ಮೇಲೆ ಮಳೆ, ಅದರ ಮೇಲೆ ಗಾಳಿ, ಈ ಮೂರೂ ಸೇರಿದ ದಿನ ಬಹಳ ಮೋಸದ್ದು. ಒಣ ಹಿಮವನ್ನು ಕೊಡವಿಕೊಳ್ಳಬಹುದು, ನೀರು ಬಟ್ಟೆಯೊಳಗೆ ಇಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಹತ್ತಿ ಬಟ್ಟೆ ನೆನೆದರೆ ಇದ್ದೂ ಇಲ್ಲದಂತೆ. ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿಡುತ್ತದೆ. ನಮ್ಮ ಕುರಿಗಾಹಿಗಳು ಮಳೆಗಾಲದಲ್ಲೂ ಕಂಬಳಿ ಬಿಡದಿರುವುದು ಸುಮ್ಮನಲ್ಲ. ಇನ್ನು, ನಡೆಯುವವಳ ಮೈಯೇ ಅವಳ ಒಲೆ. ನಡೆಯುವವರೆಗೆ ಉರಿ ಇರುತ್ತದೆ. ಸುಸ್ತಾಗಿ ಹೆಜ್ಜೆ ನಿಧಾನವಾದರೆ ಉರಿಯೂ ಇಳಿಯುತ್ತದೆ.

1964ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಎಂಬಲ್ಲಿ ಸ್ಕೌಟ್ ಯುವಕರಿಗಾಗಿ ನಡೆಯುವ ಸ್ಪರ್ಧೆಯೊಂದಿತ್ತು. ಹಳೆಯ ನಾಲ್ಕು ಛತ್ರಗಳನ್ನು ಮುಟ್ಟಿಕೊಂಡು ಹೋಗುವ ಹಾದಿಯಾದ್ದರಿಂದ ಅದಕ್ಕೆ ‘ಫೋರ್ ಇನ್ಸ್’ ಎಂದು ಹೆಸರು. ಆ ಪ್ರದೇಶದ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ 636 ಮೀಟರು ಅಷ್ಟೇ, ನಮ್ಮ ಬೆಂಗಳೂರಿಗಿಂತ ತಗ್ಗು. ಅಂದು ಮಳೆ ಗಾಳಿ ಹಿಡಿಯಿತು. ಗಟ್ಟಿಮುಟ್ಟಾದ ಮೂವರು ಯುವಕರು ಚಳಿಯಿಂದ ಸತ್ತರು. 1953ರ ಎವರೆಸ್ಟ್ ತಂಡದಲ್ಲಿ ಶರೀರವಿಜ್ಞಾನಿಯಾಗಿದ್ದ ಗ್ರಿಫಿತ್ ಪ್ಯೂ ಈ ಸಾವುಗಳನ್ನು ಅಧ್ಯಯನ ಮಾಡಿ ಅದೇ ವರ್ಷ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನೆನೆದ ಬಟ್ಟೆ, ಗಾಳಿ, ದಣಿವು, ಈ ಮೂರು ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ಬೆಟ್ಟ ಹತ್ತುವವರು ಗಂಭೀರವಾಗಿ ತೆಗೆದುಕೊಂಡದ್ದು ಅಂಥ ಅಧ್ಯಯನಗಳಿಂದ.

ಆ ಯುವಕರು ಒಂಟಿಯಾಗಿ ಹೊರಟವರಲ್ಲ, ತಂಡ ಕಟ್ಟಿಕೊಂಡು ಹೊರಟವರು. ಆದ್ದರಿಂದ ‘ಜೊತೆಯಿದ್ದರೆ ಸಾಕು, ಏನೂ ಆಗದು’ ಎಂಬುದೂ ನಿಜವಲ್ಲ. ಆದರೆ ಒಂಟಿಯಾಗಿ ಹೋಗುವವಳಿಗೆ ಒಂದು ವಿಶೇಷ ತೊಂದರೆಯಿದೆ. ಮೈಯ ಶಾಖ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿಯತೊಡಗಿದಾಗ ಮೊದಲು ನಡುಕ, ಆಮೇಲೆ ಬೆರಳು ಮರಗಟ್ಟುವುದು, ನಾಲಿಗೆ ತೊದಲುವುದು, ಆಮೇಲೆ ಬುದ್ಧಿ ಮಂಕಾಗುವುದು. ಎಷ್ಟೋ ಸಲ ನಡುಕ ನಿಂತದ್ದನ್ನು ಅವಳು ಸುಧಾರಿಸಿತು ಎಂದೇ ತಿಳಿಯಬಹುದು. ವಾಸ್ತವವಾಗಿ ಅದೇ ಕೆಟ್ಟ ಲಕ್ಷಣ. ಕೊನೆಯಲ್ಲಿ ಕೆಲವರಿಗೆ ಸೆಕೆಯಾದಂತೆ ಅನ್ನಿಸಿ ಮೈಮೇಲಿನ ಬಟ್ಟೆಯನ್ನೇ ಕಿತ್ತೆಸೆಯುವುದುಂಟು. ಅಂದರೆ, ತಾನು ಅಪಾಯದಲ್ಲಿದ್ದೇನೆ ಎಂದು ತಿಳಿಯಬೇಕಾದ ತಿಳಿವನ್ನೇ ಚಳಿ ಕದಿಯುತ್ತದೆ. ಮನೆಯ ಬೀಗದ ಕೈಯನ್ನೇ ಮೊದಲು ಕದಿಯುವ ಕಳ್ಳನ ಹಾಗೆ. ಅಂಥ ಹೊತ್ತಿನಲ್ಲಿ ‘ನನ್ನ ತೀರ್ಮಾನ ನನ್ನದು’ ಎಂಬ ಮಾತಿಗೆ ಏನರ್ಥ? ತೀರ್ಮಾನಿಸುವ ‘ನಾನು’ ಅಲ್ಲಿ ಇರುವುದೇ ಇಲ್ಲ.

ಈ ಗಂಟನ್ನು ಬಿಡಿಸುವ ದಾರಿ ನನಗೆ ಕಂಡದ್ದು ನನ್ನ ಮಗಳಿಂದ. ಅವಳಿಗೆ ಗ್ಲಾಸ್ಗೋದಲ್ಲಿ ಕೆಲಸ. 2022ರ ಅಕ್ಟೋಬರ್‌ನಲ್ಲಿ ಫೋನ್ ಮಾಡಿ, “ಅಮ್ಮಾ, ವೆಸ್ಟ್ ಹೈಲ್ಯಾಂಡ್ ವೇ ನಡೀತಾ ಇದೀನಿ, ಒಬ್ಳೇ,” ಎಂದಳು. ಗ್ಲಾಸ್ಗೋದ ಅಂಚಿನಿಂದ ಫೋರ್ಟ್ ವಿಲಿಯಂ ಊರಿನವರೆಗೆ 154 ಕಿಲೋಮೀಟರ್ ದಾರಿ ಅದು. ಅಕ್ಟೋಬರ್ ಎಂದರೆ ಅಲ್ಲಿ ಮಳೆ, ಚಳಿ, ಬೇಗ ಕವಿಯುವ ಕತ್ತಲೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಸ್ಕಾಟ್ಲೆಂಡಿನದು ಅದರ ಮುಂದೆ ಯಾವ ಲೆಕ್ಕ ಎಂದು ನಾವು ಮಲೆನಾಡಿನವರು ನಗಬಹುದು. ಆದರೆ ನಮ್ಮ ಮಳೆಯಲ್ಲಿ ನೆನೆದವಳು ಮನೆಗೆ ಬಂದು ತಲೆ ಒರೆಸಿಕೊಂಡು ಕಾಫಿ ಕುಡಿದರೆ ಮುಗಿಯಿತು. ಅಲ್ಲಿನ ಮಳೆ ಅಂಥದಲ್ಲ.

ಫೋನಿನ ಬೆನ್ನಿಗೇ ಒಂದು ಪಟ್ಟಿ ಕಳಿಸಿದಳು. ಯಾವ ದಿನ ಎಲ್ಲಿಂದ ಎಲ್ಲಿಗೆ, ರಾತ್ರಿ ಎಲ್ಲಿ ವಾಸ, ಯಾವ ಬಣ್ಣದ ಮಳೆಕೋಟು, ಜೊತೆಗೆ ಏನೇನಿದೆ. ಅಲ್ಲಿನ ಸಂಜೆ 7 ಗಂಟೆಯೊಳಗೆ ಸುದ್ದಿ ಬರದಿದ್ದರೆ ಗ್ಲಾಸ್ಗೋದ ಗೆಳತಿ ಮೊದಲು ತಂಗುವ ಮನೆಗೆ ಫೋನ್ ಮಾಡುವುದು, ಅಲ್ಲಿಗೂ ತಲುಪಿಲ್ಲವೆಂದರೆ 999ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸುವುದು. ಕೊನೆಯಲ್ಲಿ ಎರಡು ಸಾಲು: ‘ಕೈಬೆರಳು ಹೇಳಿದ ಮಾತು ಕೇಳದಿದ್ದರೆ ಹಿಂದಿರುಗುತ್ತೇನೆ. ಎಷ್ಟೇ ಹತ್ತಿರ ಬಂದಿದ್ದರೂ.’

ಪಟ್ಟಿಯನ್ನು ಅತ್ತೆಗೆ ಓದಿ ಹೇಳಿದೆ. ನಮ್ಮತ್ತೆಗೆ ಆಗ 86. “ನೋಡಿ ಅತ್ತೆ, ಎಲ್ಲಾ ತೀರ್ಮಾನ ಮಾಡಿ ಆದ್ಮೇಲೆ ನಮಗೆ ಹೇಳ್ತಾಳೆ,” ಎಂದೆ. ಅವರು ಎಲೆಗೆ ಸುಣ್ಣ ಸವರುತ್ತ, “ಹೇಳಿದ್ಳಲ್ಲ, ಅದಕ್ಕೆ ಸಂತೋಷಪಡು,” ಎಂದರು. “ನಾವು ಕೇಳಿದ್ರೆ ಬೇಡ ಅಂತಿದ್ರು. ಅದಕ್ಕೇ ಹೇಳ್ತಾನೂ ಇರ್ಲಿಲ್ಲ. ತರಗೆಲೆ ತರ್ತೀನಿ ಅಂತ ಕಲ್ಲಿ ಹಿಡ್ಕೊಂಡು ಗುಡ್ಡ ಹತ್ತಿ, ತುದೀಲಿ ಸುಮ್ನೆ ಕೂತ್ಕೊಂಡು ಬರ್ತಿದ್ದೆ. ಅಲ್ಲಿ ಹಾವು ಕಚ್ಚಿದ್ರೆ ಎಲ್ಲಿ ಹುಡುಕ್ತಿದ್ರೋ ಏನೋ.” ಅವರ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ಕಳೆದಿತ್ತು. ಈ ಗುಡ್ಡದ ಸಂಗತಿ ನನ್ನ ಕಿವಿಗೆ ಬಿದ್ದದ್ದು ಅಂದೇ.

ಐದನೆಯ ದಿನ ಮಗಳು ಇನ್ವರೋರನ್ ಎಂಬಲ್ಲಿಂದ ಹೊರಟಳು. ರ‍್ಯಾನಕ್ ಮೂರ್ ಎಂಬ ಜೌಗು ಬಯಲಿನ ಅಂಚು ಹಿಡಿದು ಮುಂದಿನ ತಂಗುದಾಣಕ್ಕೆ ಸುಮಾರು 16 ಕಿಲೋಮೀಟರ್. ಗಾಳಿಗೆ ಮರೆಯಾಗಿ ನಿಲ್ಲುವ ಜಾಗ ಅಲ್ಲಿ ಕಡಿಮೆ. ಎರಡು ಗಂಟೆ ನಡೆಯುವಷ್ಟರಲ್ಲಿ ಮಳೆ ಅಡ್ಡಡ್ಡ ಹೊಡೆಯತೊಡಗಿತಂತೆ. ತಿನ್ನಲು ಏನಾದರೂ ತೆಗೆಯೋಣವೆಂದು ಚೀಲಕ್ಕೆ ಕೈಹಾಕಿದರೆ ಜಿಪ್ಪು ಹಿಡಿಯಲು ಬೆರಳು ಬರಲಿಲ್ಲ. “ಅಮ್ಮಾ, ಮುಂದೆ ಹೋಗಬಹುದು ಅಂತಾನೇ ಅನ್ನಿಸ್ತಿತ್ತು. ಏನೂ ಆಗಿಲ್ಲ ಅನ್ನಿಸ್ತಿತ್ತು. ಆದ್ರೆ ಪಟ್ಟೀಲಿ ಬರ್ದಿದ್ನಲ್ಲ.” ಅಂದು ಹಿಂದಿರುಗಿ, ಹಿಂದಿನ ರಾತ್ರಿ ಉಳಿದಿದ್ದ ಮನೆಯ ಒಲೆಯ ಮುಂದೆ ಕೂತು ಫೋನ್ ಮಾಡಿದ್ದಳು.

ಆ ಒಂದು ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ಉರುಳಿಸಿದೆ. ಅವಳು ನಮ್ಮ ಅಪ್ಪಣೆ ಕೇಳಲಿಲ್ಲ. ಆದರೆ ಬೆಚ್ಚಗಿನ ತಲೆಯಿಂದ ತಾನು ಮಾಡಿದ ತೀರ್ಮಾನವನ್ನು ನಮ್ಮ ಬಳಿ ಕೊಟ್ಟಿಟ್ಟಿದ್ದಳು. ಚಳಿಯಲ್ಲಿ ತಲೆ ಮಂಕಾಗುವಾಗ ಅದನ್ನೇ ಹಿಂದಕ್ಕೆ ಪಡೆದಳು. ಹೇಳಿ ಹೋಗುವುದು ಶಿಷ್ಟಾಚಾರವಷ್ಟೇ ಅಲ್ಲ, ಮಳೆಕೋಟಿನಂತೆ, ಉಣ್ಣೆಯ ಟೋಪಿಯಂತೆ ಅದೂ ಒಂದು ರಕ್ಷಣೆ. ನಮ್ಮ ವಿವೇಕದ ಒಂದು ಪಾಲನ್ನು ಇನ್ನೊಬ್ಬರಲ್ಲಿ ಇಟ್ಟು ಹೋಗುವುದು. ಇದರಿಂದ ಸ್ವಾತಂತ್ರ್ಯ ಕಡಿಮೆಯಾಗುವುದಿಲ್ಲ. ಅಲ್ಲಿ ಹಿಂದಿರುಗಿದ್ದೂ ಅವಳ ಸ್ವಂತ ತೀರ್ಮಾನವೇ.

ಹೇಳಿ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮನೆಯಿಂದ ಆಚೆಯದು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಕಳೆದುಹೋದವರನ್ನು ಹುಡುಕುವ ತಂಡಗಳಲ್ಲಿ ಇರುವವರು ಬಹುಮಟ್ಟಿಗೆ ಆ ಊರುಗಳ ಸಾಮಾನ್ಯ ಜನ, ಸ್ವಯಂಸೇವಕರು. ಸಂಬಳವಿಲ್ಲ. ಸಿಕ್ಕವರಿಂದ ಹಣವನ್ನೂ ಕೇಳುವುದಿಲ್ಲ. ಊಟದ ತಟ್ಟೆ ಬಿಟ್ಟೆದ್ದು ಅದೇ ಮಳೆಯಲ್ಲಿ, ಅದೇ ಕತ್ತಲೆಯಲ್ಲಿ ಬೆಟ್ಟ ಹತ್ತುತ್ತಾರೆ. ಅವರಿಗೂ ಮನೆಯಲ್ಲಿ ಕಾಯುವವರಿದ್ದಾರೆ. ‘ನಾನು ಯಾರ ಹಂಗಿನಲ್ಲೂ ಇಲ್ಲ’ ಎಂದು ಹೊರಟವಳು ಬರದಿದ್ದರೆ ಹುಡುಕಲು ಹೊರಡುವವರು ಇವರು. ಯಾವ ಕಣಿವೆ ಎಂದು ಹೇಳಿಹೋಗಿದ್ದರೆ ಒಂದು ಕಣಿವೆ ಹುಡುಕುತ್ತಾರೆ, ಇಲ್ಲದಿದ್ದರೆ ಹತ್ತು. ಎಮ್ಮಾ ಅಜ್ಜಿಯೂ ಅಪರಿಚಿತರ ಜಗಲಿಯಲ್ಲಿ ಮಲಗಿದಳು, ಅವರು ಕೊಟ್ಟದ್ದನ್ನು ಉಂಡಳು. ಚಂಡಮಾರುತದ ಮಳೆಗೆ ತುಂಬಿ ಹರಿಯುತ್ತಿದ್ದ ಒಂದು ಹೊಳೆಯನ್ನು ಆಕೆ ದಾಟಿದ್ದು ದಾರಿಯಲ್ಲಿ ಸಿಕ್ಕ ನೌಕಾಪಡೆಯ ಇಬ್ಬರು ಹುಡುಗರು ಹಗ್ಗ ಕಟ್ಟಿ ನಡುವೆ ಕರೆದೊಯ್ದಿದ್ದರಿಂದ. ಒಬ್ಬಳೇ ನಡೆದಳು ಎನ್ನುವುದೂ ನಿಜ, ಒಬ್ಬಳಿಂದಲೇ ಆಗಲಿಲ್ಲ ಎನ್ನುವುದೂ ನಿಜ. ಇದರಲ್ಲಿ ಆಕೆಯ ದೊಡ್ಡತನಕ್ಕೆ ಕುಂದೇನೂ ಇಲ್ಲ.

ಆದ್ದರಿಂದ ನನ್ನ ಮಟ್ಟಿಗೆ ನ್ಯಾಯ ಹೀಗೆ ತೀರುತ್ತದೆ. ಹೋಗಲೋ ಬೇಡವೋ ಎಂದು ಬೆಳೆದ ಹೆಣ್ಣು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಎಲ್ಲಿಗೆ, ಯಾವ ದಾರಿ, ಯಾವಾಗ ಹಿಂದೆ ಎಂಬುದನ್ನು ಪೂರ್ತಿಯಾಗಿ, ನಿಜವಾಗಿ ಹೇಳಿ ಹೋಗುವುದು ಅವಳ ಹೊಣೆ. ಮನೆಯವರಿಗೂ, ಮುಖ ನೋಡದ ಆ ಸ್ವಯಂಸೇವಕರಿಗೂ, ತನಗೂ ಅವಳು ಸಲ್ಲಿಸಬೇಕಾದ ಋಣ ಅದು.

ಆದರೆ ನ್ಯಾಯ ಒಂದೇ ಕಡೆಯದಾದರೆ ನಿಲ್ಲುವುದಿಲ್ಲ. ಹೇಳುವವಳಿದ್ದರೆ ಸಾಲದು, ಕೇಳುವವರು ಬೇಕು. ನಮ್ಮ ಕನ್ನಡದಲ್ಲಿ ‘ಕೇಳು’ ಎಂಬುದಕ್ಕೆ ಪ್ರಶ್ನಿಸು ಎಂದೂ ಅರ್ಥ, ಕಿವಿಗೊಡು ಎಂದೂ ಅರ್ಥ. ಹೇಳಿದ ಪ್ರತಿ ಮಾತನ್ನೂ ಅಪ್ಪಣೆಯ ಅರ್ಜಿಯೆಂದು ತಿಳಿದು ‘ಬೇಡ’ ಎನ್ನುವ ಮನೆಯಲ್ಲಿ ಮಕ್ಕಳು ಹೇಳುವುದನ್ನೇ ಬಿಡುತ್ತಾರೆ. ನಮ್ಮತ್ತೆ ತರಗೆಲೆಯ ನೆಪ ಹೇಳಿದರು, ಎಮ್ಮಾ ಬರೀ ನಡೆಯಲು ಎಂದಳು. ಇವರಿಬ್ಬರ ಅರೆನಿಜಕ್ಕೆ ಅರ್ಧ ಹೊಣೆ ಕಿವಿ ಇಲ್ಲದ ಮನೆಗಳದು. ಭಯದಿಂದ ಹಾಕಿದ ಬೇಲಿಯೇ ಅವರನ್ನು ಯಾರಿಗೂ ತಿಳಿಯದ ದಾರಿಗೆ ದೂಡಿತು, ಅಂದರೆ ಹೆಚ್ಚಿನ ಅಪಾಯಕ್ಕೆ.

ಭಯ ಬಿಡಿ ಎಂದು ನಾನು ಹೇಳಲಾರೆ. ಸ್ಕಾಟ್ಲೆಂಡಿನ ಸಂಜೆ 7 ಎಂದರೆ ಆಗ ನಮ್ಮಲ್ಲಿ ರಾತ್ರಿ 11.30. ಆ ಪ್ರತಿ ರಾತ್ರಿಯೂ ನನಗೆ ನಿದ್ದೆ ಬಂದದ್ದು ಫೋನು ಸದ್ದು ಮಾಡಿದ ಮೇಲೆಯೇ. ಭಯಪಡುವ ಹಕ್ಕು ತಾಯಿಗಿದೆ. ಆ ಭಯವನ್ನು ಮಗಳ ಕಾಲಿಗೆ ಕಟ್ಟುವ ಹಕ್ಕು ಇಲ್ಲ. ಎಚ್ಚರವಿರುವುದು ಇಲ್ಲಿ ಉಳಿದವರ ಪಾಲಿನ ನಡಿಗೆ ಎಂದುಕೊಂಡರೆ ರಾತ್ರಿ ಸ್ವಲ್ಪ ಬೇಗ ಕಳೆಯುತ್ತದೆ.

ನಾಳೆ ನಿಮ್ಮ ಮನೆಯ ಹುಡುಗಿಯೊಬ್ಬಳು, ಅಥವಾ ಯಾರಿಗೆ ಗೊತ್ತು, 67 ವರ್ಷದ ನಿಮ್ಮ ಅಮ್ಮನೇ, ಚೀಲ ಬೆನ್ನಿಗೇರಿಸಿ ‘ಹೋಗಿ ಬರ್ತೀನಿ’ ಎನ್ನಬಹುದು. ‘ಯಾಕೆ’ ಎಂದು ಕೇಳುವ ಆಸೆ ನಾಲಿಗೆಯ ತುದಿಗೆ ಬರುತ್ತದೆ, ಬರಲಿ. ಅದನ್ನು ನುಂಗಿಕೊಂಡು ಒಂದು ಕಾಗದ ಪೆನ್ನು ತನ್ನಿ. ಯಾವ ದಾರಿ, ಎಷ್ಟು ಹೊತ್ತಿಗೆ ತಲುಪುತ್ತೀಯ, ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಲಿ ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ, ಉಣ್ಣೆಯದು ಏನಾದರೂ ಇಟ್ಟುಕೊಂಡಿದ್ದೀಯಾ ಎಂದು ಇನ್ನೊಂದು ಮಾತು ಸೇರಿಸಿದರೆ ತಪ್ಪಿಲ್ಲ.